ಬುಕ್‌ಮಾರ್ಕ್ ಮಾಡಿಟ್ಟ ಬದುಕು

ಓದುಗರ ಪ್ರಶ್ನೆಗಳಿಗೆ ವೃತ್ತಿಯಿಂದ ಸಾಫ್ಟ್‌ವೇರ್ ಎಂಜಿನಿಯರ್ ಆಗಿರುವ ಅಂಕಣಕಾರರ ಉತ್ತರ

ಪ್ರಶ್ನೆ: ನಾನು ಆರು ವರ್ಷಗಳಿಂದ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ವ್ಯಕ್ತಿತ್ವ ವಿಕಸನದ ಪುಸ್ತಕಗಳನ್ನು ಬಿಡದೆ ಓದುತ್ತೇನೆ, ಅದೇ ವಿಷಯದ ವಿಡಿಯೊಗಳನ್ನು ಸಮಯ ಉಳಿಯಲೆಂದು ಎರಡರಷ್ಟು ವೇಗದಲ್ಲಿ ನೋಡುತ್ತೇನೆ, ಅಭ್ಯಾಸಗಳ ಲೆಕ್ಕ ಇಡುವ ಮೂರು ಆ್ಯಪ್‌ಗಳು ಫೋನಿನಲ್ಲಿವೆ. ಇಷ್ಟಾದರೂ ದಿನಚರಿ ಮಾತ್ರ ಆರು ವರ್ಷದ ಹಿಂದೆ ಇದ್ದಂತೆಯೇ ಇದೆ. ನನ್ನಲ್ಲಿ ಇಚ್ಛಾಶಕ್ತಿಯೇ ಇಲ್ಲವೆ?

ಉತ್ತರ: ಇಚ್ಛಾಶಕ್ತಿ ಇಲ್ಲದವರು ಆರು ವರ್ಷ ಒಂದೇ ಬಗೆಯ ಪುಸ್ತಕಗಳನ್ನು ಬಿಡದೆ ಓದಲಾರರು. ನಿಮ್ಮ ಪತ್ರ ಓದಿದಾಗ ನನಗೆ ನೆನಪಾದದ್ದು ನನ್ನದೇ ಬ್ರೌಸರ್. ಕೆಲವು ತಿಂಗಳ ಹಿಂದೆ, ‘ಆಮೇಲೆ ಓದಲು’ ಎಂದು ಎತ್ತಿಟ್ಟಿದ್ದ ಲೇಖನಗಳನ್ನು ವಿಲೇವಾರಿ ಮಾಡೋಣವೆಂದು ಒಂದು ರಜೆಯ ದಿನ ಕುಳಿತೆ. ನಾನೂರಕ್ಕೂ ಹೆಚ್ಚಿದ್ದವು. ಪಟ್ಟಿಯ ತಳದಲ್ಲಿದ್ದ, ಎಲ್ಲಕ್ಕಿಂತ ಹಳೆಯದನ್ನು ತೆರೆದು ನೋಡಿದರೆ ಅದರ ವಿಷಯ, ಎತ್ತಿಟ್ಟ ಲೇಖನಗಳನ್ನು ಓದಿ ಮುಗಿಸುವುದು ಹೇಗೆ ಎಂಬುದು! ನಗು ಬಂತು, ಅದರ ಹಿಂದೆಯೇ ಸಣ್ಣ ನಾಚಿಕೆಯೂ ಆಯಿತು, ಏಕೆಂದರೆ ಆ ಲೇಖನವನ್ನು ಎತ್ತಿಟ್ಟ ಸಂಜೆ ನನಗೆ ಏನನ್ನೋ ಸಾಧಿಸಿದ ಸಮಾಧಾನ ಸಿಕ್ಕಿದ್ದು ಚೆನ್ನಾಗಿ ನೆನಪಿತ್ತು.

ನಿಮ್ಮ ತೊಂದರೆಯ ಬೇರು ಈ ಸಮಾಧಾನದಲ್ಲಿದೆ ಎಂದು ನನ್ನ ಅನಿಸಿಕೆ. ಬೆಳಿಗ್ಗೆ ಬೇಗ ಏಳುವುದರ ಬಗ್ಗೆ ವಿಡಿಯೊ ನೋಡಿ ಮುಗಿಸಿದಾಗ, ಬೇಗ ಎದ್ದವರಿಗೆ ಸಿಗಬೇಕಾದ ತೃಪ್ತಿಯ ಒಂದು ಪಾಲು ಹಾಸಿಗೆಯಲ್ಲಿ ಮಲಗಿದ್ದಂತೆಯೇ ಮುಂಗಡವಾಗಿ ಕೈಸೇರಿಬಿಡುತ್ತದೆ. ಮುಂಗಡ ಸಿಕ್ಕ ಮೇಲೆ ಕೆಲಸದ ಆತುರ ಯಾರಿಗಿರುತ್ತದೆ? ವ್ಯಕ್ತಿತ್ವ ವಿಕಸನದ ವಿಡಿಯೊವನ್ನು ನಾವು ಕಲಿಕೆಯ ಖಾತೆಗೆ ಬರೆದುಕೊಳ್ಳುತ್ತೇವೆ, ಹಾಸ್ಯದ ವಿಡಿಯೊವನ್ನು ಕಾಲಹರಣದ ಖಾತೆಗೆ. ಆದರೆ ಎರಡನ್ನೂ ತೋರಿಸುವ ವೇದಿಕೆ ಒಂದೇ, ನಡುವೆ ನುಗ್ಗುವ ಜಾಹೀರಾತೂ ಒಂದೇ, ಮುಗಿಯುತ್ತಿದ್ದಂತೆ ಮುಂದಿನದನ್ನು ತಾನಾಗಿ ಶುರುಮಾಡುವ ಏರ್ಪಾಟೂ ಒಂದೇ. ನಿಜವಾಗಿ ಸುಧಾರಿಸಿಬಿಟ್ಟ ನೋಡುಗ ಆ ವೇದಿಕೆಗೆ ಕೈತಪ್ಪಿದ ಗಿರಾಕಿ. ಅಂದಹಾಗೆ, ಎರಡರಷ್ಟು ವೇಗದಲ್ಲಿ ನೋಡಿ ಉಳಿಸಿದ ಸಮಯವನ್ನು ಯಾವುದಕ್ಕೆ ಬಳಸಿದಿರೆಂದು ನೀವು ಬರೆದಿಲ್ಲ. ಇನ್ನೊಂದು ವಿಡಿಯೊಗೆ ಎಂದು ನನ್ನ ಊಹೆ.

ನಮ್ಮ ವೃತ್ತಿಯವರ ಬಾಯಲ್ಲಿ ಸದಾ ಆಡುವ ಮಾತೊಂದಿದೆ. ಅವಧಿಗೆ ಮುನ್ನ ಮಾಡುವ ಆಪ್ಟಿಮೈಸೇಷನ್ (ಪ್ರೋಗ್ರಾಮಿನ ವೇಗ ಹೆಚ್ಚಿಸುವ ತಿದ್ದುಪಡಿ) ಎಲ್ಲ ಕೇಡಿನ ಮೂಲ ಎಂದು ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ 1974ರ ಪ್ರಬಂಧವೊಂದರಲ್ಲಿ ಬರೆದರು. ಜನ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಸಣ್ಣಪುಟ್ಟ ವೇಗದ ಚಿಂತೆಯನ್ನು ಶೇ 97ರಷ್ಟು ಸಂದರ್ಭಗಳಲ್ಲಿ ಮರೆಯಬೇಕು, ಆದರೆ ನಿರ್ಣಾಯಕವಾದ ಉಳಿದ ಶೇ 3ರಲ್ಲಿ ಸಿಗುವ ಅವಕಾಶವನ್ನು ಬಿಡಬಾರದು, ಆ ಭಾಗ ಯಾವುದೆಂಬುದನ್ನು ಅಳೆದೇ ತಿಳಿಯಬೇಕು, ಏಕೆಂದರೆ ಈ ವಿಷಯದಲ್ಲಿ ಪ್ರೋಗ್ರಾಮರ್‌ಗಳ ಅಂದಾಜು ಕೈಕೊಡುತ್ತದೆ ಎಂಬುದು ಅವರ ಪೂರ್ಣ ವಾದ. ಕೋಡ್ ನಿಧಾನವಾದರೆ ಯಾವ ಭಾಗ ಎಷ್ಟು ಸಮಯ ತಿನ್ನುತ್ತಿದೆ ಎಂದು ಅಳೆಯುವ ಪ್ರೊಫೈಲರ್ ಅನ್ನು ಮೊದಲು ಓಡಿಸುವ ನಾವು, ಬದುಕು ಎಲ್ಲೋ ಸಿಕ್ಕಿಕೊಂಡಿದೆ ಎನ್ನಿಸಿದಾಗ ಮಾತ್ರ ಅಳೆಯುವ ಗೋಜಿಗೇ ಹೋಗದೆ ನೇರವಾಗಿ ರಿಪೇರಿಗೆ ಇಳಿಯುತ್ತೇವೆ.

ನಾನು ಅಳೆದ ಬಗೆ ಹೀಗೆ. ಕೀಬೋರ್ಡಿನ ಪಕ್ಕದಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು, ಕೈ ಫೋನಿನತ್ತ ಹೋದಾಗಲೆಲ್ಲ ಗಂಟೆಯನ್ನೂ ಅದಕ್ಕೆ ಹಿಂದಿನ ಕ್ಷಣದಲ್ಲಿ ನಾನು ಏನು ಮಾಡುತ್ತಿದ್ದೆ ಎಂಬುದನ್ನೂ ಬರೆದೆ. ಫೋನ್ ಮುಟ್ಟಬಾರದು ಎಂಬ ನಿಷೇಧವೇನೂ ಇರಲಿಲ್ಲ, ಬರೆಯಬೇಕಾಗಿದ್ದಷ್ಟೇ. ಮಲಗುವ ಮುನ್ನವೇ ಹೆಚ್ಚು ಸಮಯ ಹಾಳಾಗುತ್ತಿದೆ ಎಂದು ನಾನು ತಿಳಿದಿದ್ದೆ. ನೋಟ್‌ಬುಕ್ ಬೇರೆಯೇ ಹೇಳಿತು. ಒಂದು ದಿನದ ಪುಟದಲ್ಲಿದ್ದದ್ದು ಇಷ್ಟು: 11.10, ಬಿಲ್ಡ್ ಆಗುತ್ತಿದೆ, 11.50, ಟೆಸ್ಟ್ ಓಡುತ್ತಿದೆ, 12.20, ಮತ್ತೆ ಬಿಲ್ಡ್; 3.05, ರಿವ್ಯೂಗೆ ಕಾಯುತ್ತಿದ್ದೇನೆ. (ಬಿಲ್ಡ್ ಎಂದರೆ ಬರೆದ ಕೋಡನ್ನು ಓಡಬಲ್ಲ ಪ್ರೋಗ್ರಾಮ್ ಆಗಿಸುವ ಹಂತ, ರಿವ್ಯೂ ಎಂದರೆ ಸಹೋದ್ಯೋಗಿ ಆ ಕೋಡನ್ನು ಪರಿಶೀಲಿಸುವುದು.) ನಾಲ್ಕು ನಿಮಿಷದಲ್ಲಿ ಮುಗಿಯುವ ಬಿಲ್ಡ್‌ಗೆ ಕಾಯಲಾರದೆ ಫೋನ್ ಎತ್ತಿಕೊಂಡು, ಇಪ್ಪತ್ತು ನಿಮಿಷದ ನಂತರ ತಲೆಯೆತ್ತಿ, ಈ ಬಿಲ್ಡ್ ಶುರುಮಾಡಿದ್ದು ಏತಕ್ಕೆಂಬುದನ್ನೇ ನೆನಪಿಸಿಕೊಳ್ಳಲು ಮತ್ತೊಂದಿಷ್ಟು ಹೊತ್ತು ಕಳೆಯುತ್ತಿದ್ದೆ. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಮನಸ್ಸಿನ ಒಂದು ಭಾಗ ಹಿಂದಿನದಕ್ಕೇ ಅಂಟಿಕೊಂಡಿರುತ್ತದೆ ಎಂಬುದನ್ನು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ಪ್ರಯೋಗಗಳ ಮೂಲಕ ತೋರಿಸಿ, ಅದನ್ನು ಗಮನದ ಶೇಷ ಎಂದು ಕರೆದರು. ಬಿಟ್ಟ ಕೆಲಸಕ್ಕೆ ಮರಳಿದಾಗ ಎಲ್ಲಿಂದ ಶುರುಮಾಡಬೇಕೆಂದು ಎರಡು ಸಾಲು ಬರೆದಿಟ್ಟರೆ ಆ ಶೇಷ ಕಡಿಮೆಯಾಗುತ್ತದೆ ಎಂಬುದು ಅವರು ಸಹೋದ್ಯೋಗಿಯೊಂದಿಗೆ 2018ರಲ್ಲಿ ಪ್ರಕಟಿಸಿದ ಫಲಿತಾಂಶ. ನಾನು ಮಾಡಿಕೊಂಡ ಬದಲಾವಣೆಯೂ ಅಷ್ಟೇ: ಬಿಲ್ಡ್‌ಗೆ ಮೊದಲು, ಇದು ಪಾಸಾದರೆ ಮುಂದೇನು, ಆಗದಿದ್ದರೆ ಯಾವ ಫೈಲ್ ನೋಡಬೇಕು ಎಂದು ಅದೇ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ, ಫೋನ್ ಚೀಲದಲ್ಲಿರುತ್ತದೆ.

ನಿಮ್ಮ ನಿರ್ಣಾಯಕ ಭಾಗ ಬೇರೆ ಎಲ್ಲಿಯೋ ಇರಬಹುದು, ಆದ್ದರಿಂದ ನನ್ನ ಉಪಾಯವನ್ನು ಹಾಗೆಯೇ ಎತ್ತಿಕೊಳ್ಳಬೇಡಿ. ಎರಡು ವಾರ ಹೊಸ ಪುಸ್ತಕ, ಹೊಸ ವಿಡಿಯೊ ಬೇಡ. ಬರೆಯಿರಿ, ಏನನ್ನೂ ಬದಲಿಸದೆ ಬರೆಯಿರಿ.

ಪ್ರಶ್ನೆ: ಯಾವುದೇ ಅಭ್ಯಾಸ 21 ದಿನಗಳಲ್ಲಿ ಮೈಗೂಡುತ್ತದೆ ಎನ್ನುತ್ತಾರೆ. ನಾನು ನಾಲ್ಕು ಬಾರಿ ಪ್ರಯತ್ನಿಸಿ ನಾಲ್ಕು ಬಾರಿಯೂ ನಡುವೆ ಒಂದು ದಿನ ತಪ್ಪಿಸಿ, ಮತ್ತೆ ಒಂದರಿಂದ ಎಣಿಸಬೇಕಲ್ಲ ಎಂಬ ಬೇಸರದಲ್ಲಿ ಕೈಬಿಟ್ಟಿದ್ದೇನೆ. ಈ ಲೆಕ್ಕ ನಿಜವೆ?

ಉತ್ತರ: ನಿಜವಲ್ಲ. ಈ ಸಂಖ್ಯೆಯ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಸರ್ಜನ್. ಶಸ್ತ್ರಚಿಕಿತ್ಸೆಯ ನಂತರ ರೋಗಿಗಳಿಗೆ ತಮ್ಮ ಹೊಸ ಮುಖ ರೂಢಿಯಾಗಲು ಕನಿಷ್ಠ ಸುಮಾರು 21 ದಿನ ಬೇಕಾಗುತ್ತದೆ ಎಂದು ಅವರು 1960ರಲ್ಲಿ ಬರೆದರು. ಬಾಯಿಂದ ಬಾಯಿಗೆ ಬರುವಾಗ ‘ಕನಿಷ್ಠ’ ಉದುರಿಹೋಯಿತು, ‘ಸುಮಾರು’ ಉದುರಿಹೋಯಿತು, ಕೊನೆಗೆ ಮುಖವೂ ಉದುರಿಹೋಗಿ ಬರೀ ಸಂಖ್ಯೆ ಉಳಿಯಿತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು 84 ದಿನ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕಿಂತ ನಂಬಲರ್ಹ. ನೀರು ಕುಡಿಯುವುದು, ಹಣ್ಣು ತಿನ್ನುವುದು, ಓಡುವುದು ಮುಂತಾದ ಕೆಲಸಗಳು ಯೋಚಿಸದೆ ನಡೆಯುವ ಹಂತ ತಲುಪಲು ಹಿಡಿದ ಕಾಲದ ಮಧ್ಯಾಂಕ 66 ದಿನ, ಅಂದರೆ ಅರ್ಧದಷ್ಟು ಮಂದಿಗೆ ಅದಕ್ಕಿಂತ ಕಡಿಮೆ, ಉಳಿದರ್ಧಕ್ಕೆ ಹೆಚ್ಚು. ವ್ಯಾಪ್ತಿ ಮಾತ್ರ 18 ದಿನದಿಂದ 254 ದಿನದವರೆಗೆ. ಗಮನಿಸಿದ್ದೇ 84 ದಿನವಾದರೆ 254 ಎಲ್ಲಿಂದ ಬಂತು ಎಂದು ನೀವು ಕೇಳಬಹುದು, ಕೇಳಬೇಕಾದದ್ದೇ. ಅದು ಗಣಿತದ ಮಾದರಿಯನ್ನು ಮುಂದಕ್ಕೆಳೆದು ಪಡೆದ ಅಂದಾಜು. ಹೀಗಾಗಿ 21ನ್ನು ಕೆಳಗಿಳಿಸಿ ಆ ಪೀಠದಲ್ಲಿ 66ನ್ನು ಕೂರಿಸುವುದರಲ್ಲಿಯೂ ಅರ್ಥವಿಲ್ಲ. ನಿಮಗೆ ಬೇಕಾದ ಅಂಶ ಅದೇ ಅಧ್ಯಯನದಲ್ಲಿ ಇನ್ನೊಂದಿದೆ: ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ರೂಪುಗೊಳ್ಳುವುದಕ್ಕೆ ಹೇಳಿಕೊಳ್ಳುವಂತಹ ಅಡ್ಡಿಯಾಗಲಿಲ್ಲ. ಒಂದು ದಿನ ತಪ್ಪಿದರೆ ಲೆಕ್ಕವನ್ನು ಸೊನ್ನೆಗೆ ಇಳಿಸುವುದು ಆ್ಯಪ್ ಬರೆದವರ ನಿರ್ಧಾರ, ನಿಮ್ಮ ಮೆದುಳಿನದಲ್ಲ. ನಾಲ್ಕೂ ಬಾರಿ ನೀವು ಸೋತದ್ದು ಎಣಿಕೆಯಲ್ಲಿ.

ಪ್ರಶ್ನೆ: ಎದ್ದ ಕೂಡಲೇ ಸುದ್ದಿ ನೋಡಲು ಫೋನ್ ತೆರೆಯುತ್ತೇನೆ, ಮುಕ್ಕಾಲು ಗಂಟೆ ಹೋಗಿಬಿಡುತ್ತದೆ. ನೋಡದಿದ್ದರೆ ಜಗತ್ತಿನ ಆಗುಹೋಗು ತಿಳಿಯದವಳಾಗುತ್ತೇನೆಂಬ ಭಯ. ನೀವು ಸುದ್ದಿಯನ್ನು ಹೇಗೆ ನೋಡುತ್ತೀರಿ?

ಉತ್ತರ: ಮುಗಿಯುವಂತಹ ರೂಪದಲ್ಲಿ ನೋಡುತ್ತೇನೆ. ಮುದ್ರಿತ ಪತ್ರಿಕೆಗೆ ಕೊನೆಯ ಪುಟವಿದೆ, ವಾರ್ತೆಯ ಪ್ರಸಾರಕ್ಕೆ ಮುಕ್ತಾಯದ ಸಾಲಿದೆ. ಫೋನಿನ ಪರದೆಗೆ ತಳವಿಲ್ಲ. ಕೆಳಗೆ ಜಾರಿಸಿದಷ್ಟೂ ಹೊಸದು ಸೇರುತ್ತಲೇ ಹೋಗುವ ಈ ವಿನ್ಯಾಸವನ್ನು ಏಜಾ ರಾಸ್ಕಿನ್ 2006ರಲ್ಲಿ ರೂಪಿಸಿದರು, ಮುಂದೆ ಅದರ ಪರಿಣಾಮಗಳ ಬಗ್ಗೆ ಬಹಿರಂಗವಾಗಿಯೇ ಪಶ್ಚಾತ್ತಾಪವನ್ನೂ ವ್ಯಕ್ತಪಡಿಸಿದರು. ಪುಟದ ಕೊನೆಯಲ್ಲಿ ‘ಮುಂದಿನ ಪುಟ’ ಎಂಬ ಗುಂಡಿಯಿದ್ದಾಗ, ಅದನ್ನು ಒತ್ತುವ ಮೊದಲು ಸಾಕೋ ಬೇಕೋ ಎಂದು ಅರೆಕ್ಷಣ ಯೋಚಿಸುತ್ತಿದ್ದೆವು. ಆ ಅರೆಕ್ಷಣ ಈಗ ಇಲ್ಲ. ಅದರ ಜೊತೆಗೆ, ಹತ್ತು ನೀರಸ ಸುದ್ದಿಗಳ ನಂತರ ಯಾವಾಗಲೋ ಒಂದು ಸ್ವಾರಸ್ಯದ್ದು ಸಿಗುತ್ತದೆ. ಪ್ರತಿಫಲ ಯಾವಾಗ ಸಿಗುತ್ತದೆಂದು ಗೊತ್ತಾಗದಂತೆ ಕೊಟ್ಟರೆ ಪಾರಿವಾಳಗಳು ಗುಂಡಿಯನ್ನು ಬಿಡದೆ ಕುಕ್ಕುತ್ತವೆ ಎಂದು ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಕಳೆದ ಶತಮಾನದ ನಡುವಿನಲ್ಲಿಯೇ ತೋರಿಸಿದ್ದರು.

ಭಯದ ವಿಷಯಕ್ಕೆ ಬಂದರೆ, ನಿನ್ನೆ ಬೆಳಿಗ್ಗೆಯ ಮುಕ್ಕಾಲು ಗಂಟೆಯಲ್ಲಿ ನೋಡಿದ ಸುದ್ದಿಗಳಲ್ಲಿ ಐದನ್ನು ಈಗ ನೆನಪಿನಿಂದ ಬರೆಯಲು ಯತ್ನಿಸಿ. ನಾನು ಮೂರನ್ನು ದಾಟಲಿಲ್ಲ, ಆ ಮೂರರಲ್ಲಿ ಒಂದು ಜಾಹೀರಾತಾಗಿತ್ತು. ಈಗ ಸಂಜೆ ಒಂದೇ ಸಲ, ನಾನೇ ಆಯ್ದ ಕೆಲವು ಮೂಲಗಳನ್ನು ಆರ್‌ಎಸ್‌ಎಸ್ ಫೀಡಿನಲ್ಲಿ, ಅಂದರೆ ಆಯ್ದ ಜಾಲತಾಣಗಳ ಹೊಸ ಬರಹಗಳನ್ನು ಒಂದೇ ಪಟ್ಟಿಯಾಗಿ ತರುವ ಏರ್ಪಾಟಿನಲ್ಲಿ, ಓದುತ್ತೇನೆ. ಇದು 1999ರಲ್ಲಿ ಹುಟ್ಟಿದ ಹಳೆಯ ತಂತ್ರ, ಸೊಬಗೇನೂ ಇಲ್ಲ, ಆದರೆ ಪಟ್ಟಿ ಮುಗಿಯುತ್ತದೆ. ಮೊದಲ ಉತ್ತರದಲ್ಲಿ ಹೇಳಿದ ಕನೂತ್ ಅವರು 1990ರ ಜನವರಿ 1ರಿಂದ ಇಮೇಲ್ ವಿಳಾಸವೇ ಇಲ್ಲದೆ ಬದುಕುತ್ತಿದ್ದಾರೆ. ಅಷ್ಟು ದೂರ ಹೋಗಿ ಎಂದು ನಾನು ಹೇಳಲಾರೆ, ಏಕೆಂದರೆ ಅವರಿಗೆ ಬಂದ ಪತ್ರಗಳನ್ನು ವಿಂಗಡಿಸಿಕೊಡಲು ಕಾರ್ಯದರ್ಶಿಯಿದ್ದರು, ನಮಗಿಲ್ಲ.

ಪ್ರಶ್ನೆ: ನೋಟಿಫಿಕೇಷನ್ ಕಳಿಸಿ ಜನರ ಗಮನ ಕದಿಯುವ ಉದ್ಯಮದಲ್ಲಿಯೇ ಸಂಬಳ ಪಡೆಯುವ ನೀವು, ಗಮನದ ಬಗ್ಗೆ ಬುದ್ಧಿವಾದ ಹೇಳುವುದು ಬದನೆಕಾಯಿ ತಿಂದು ಪುರಾಣ ಹೇಳಿದಂತಲ್ಲವೆ?

ಉತ್ತರ: ಬಹುಮಟ್ಟಿಗೆ ಹೌದು. ಹಿಂದೆ ನಾನಿದ್ದ ಸಂಸ್ಥೆಯೊಂದರಲ್ಲಿ ನೋಟಿಫಿಕೇಷನ್ ಕಳಿಸುವ ಭಾಗ ನಮ್ಮ ತಂಡದ ಪಾಲಿಗಿತ್ತು. ಎಲ್ಲರಿಗೂ ಒಂದೇ ಹೊತ್ತಿಗೆ ಕಳಿಸುವ ಬದಲು, ಆಯಾ ವ್ಯಕ್ತಿ ಹಿಂದೆ ಯಾವ ಹೊತ್ತಿನಲ್ಲಿ ತೆರೆದಿದ್ದರೋ ಆ ಹೊತ್ತಿಗೇ ಕಳಿಸುವಂತೆ ಕೋಡ್ ಬದಲಿಸಿದೆವು. ಆ್ಯಪ್ ತೆರೆದವರ ಸಂಖ್ಯೆಯ ಗ್ರಾಫ್ ಏರಿತು, ಸಭೆಯಲ್ಲಿ ಚಪ್ಪಾಳೆಯಾಯಿತು, ನಾನೂ ತಟ್ಟಿದೆ. ತೆರೆದವರಿಗೆ ಒಳಗೆ ಬೇಕಾದದ್ದು ಸಿಕ್ಕಿತೆ ಎಂಬುದಕ್ಕೆ ಆ ಗ್ರಾಫಿನಲ್ಲಿ ಗೆರೆ ಇರಲಿಲ್ಲ; ಇರಬೇಕೆಂದು ನಾನು ಕೇಳಲೂ ಇಲ್ಲ. ಅದು ಯಾರದೋ ದುಷ್ಟ ಸಂಚಾಗಿರಲಿಲ್ಲ, ತೆರೆದದ್ದನ್ನು ಎಣಿಸುವುದು ಸುಲಭವಾಗಿತ್ತು, ಉಪಯೋಗವನ್ನು ಎಣಿಸುವುದು ಕಷ್ಟವಾಗಿತ್ತು, ಆದ್ದರಿಂದ ಸುಲಭವಾದದ್ದನ್ನು ಎಣಿಸಿದೆವು. ಮೊದಲ ಪ್ರಶ್ನೆ ಕೇಳಿದವರ ಮೂರು ಆ್ಯಪ್‌ಗಳು ಮಾಡುತ್ತಿರುವುದೂ ಇದನ್ನೇ.

ಕೆಲವು ವಾರಗಳ ನಂತರ, ರಾತ್ರಿ ಹನ್ನೊಂದು ದಾಟಿದ ಮೇಲೆ ದಿಂಬಿನ ಪಕ್ಕದಲ್ಲಿ ಫೋನ್ ಬೆಳಗಿತು. ನಮ್ಮದೇ ನೋಟಿಫಿಕೇಷನ್. ‘ನಿಮಗಾಗಿ ಹೊಸದೊಂದು ಕಾದಿದೆ’ ಎಂಬ ಆ ವಾಕ್ಯವನ್ನು ಪರೀಕ್ಷೆಗೆಂದು ಬರೆದವನು ನಾನೇ, ಆ ಹೊತ್ತನ್ನು ನನಗಾಗಿ ಆರಿಸಿದ ಕೋಡ್ ಬರೆದವನೂ ನಾನೇ, ಒಳಗೆ ಹೊಸದೇನೂ ಕಾದಿಲ್ಲವೆಂಬುದೂ ನನಗೆ ಗೊತ್ತಿತ್ತು. ಆದರೂ ತೆರೆದೆ. ಮರುದಿನದ ಗ್ರಾಫಿನಲ್ಲಿ ನಾನೂ ಒಂದು ಸಂಖ್ಯೆಯಾಗಿ ಸೇರಿರಬೇಕು.

ಅಂದಿನಿಂದ ಫೋನ್ ಮಲಗುವ ಕೋಣೆಯ ಹೊರಗೆ ಚಾರ್ಜ್ ಆಗುತ್ತದೆ. ಬೆಳಿಗ್ಗೆ ಎಬ್ಬಿಸಲು ಒಂದು ಅಲಾರಂ ಗಡಿಯಾರ ತಂದಿಟ್ಟಿದ್ದೇನೆ. ಆನ್‌-ಕಾಲ್ ಸರದಿ (ತುರ್ತು ತೊಂದರೆಯ ಕರೆಗೆ ಯಾವ ಹೊತ್ತಿನಲ್ಲಿಯೂ ಓಗೊಡಬೇಕಾದ ಹೊಣೆ) ನನ್ನದಾದ ವಾರದಲ್ಲಿ ಮಾತ್ರ ಫೋನ್ ಒಳಗೆ ಬರುತ್ತದೆ, ಆ ವಾರ ನಾನು ಸರಿಯಾಗಿ ನಿದ್ದೆ ಮಾಡುವುದಿಲ್ಲ.