ಹಳೆಯ ಗಿಡದ ಹಾಳೆಗಳನ್ನು ಡಿಜಿಟಲ್ ಮಾಡಿದ ಮೇಲೆ ಮೂಲ ಬೇಕಾ?

ನೀವು ಕೇಳಿದ್ದು: ಬಾಗಲಕೋಟೆಯ ನಿಮ್ಮ ಕಾಲೇಜಿನಲ್ಲಿ ಒಣಗಿಸಿ ಅಂಟಿಸಿದ ಗಿಡಗಳ ಹಳೆಯ ಹಾಳೆಗಳಿವೆ, ಒಂದು ಪೆಟ್ಟಿಗೆ ತುಂಬ ಮರದ ತುಂಡುಗಳೂ ಇವೆ. ಫೋನಿನಲ್ಲಿ ಫೋಟೋ ತೆಗೆದು ಇಟ್ಟುಕೊಂಡರೆ ಸಾಕಾ, ಮೂಲವನ್ನು ವಿಲೇವಾರಿ ಮಾಡಬಹುದಾ?

ದಯವಿಟ್ಟು ಮಾಡಬೇಡಿ. ಹಾಳೆಯ ಮೇಲಿನ ಎಲೆಯಿಂದ ಇವತ್ತಿಗೂ ಡಿಎನ್‌ಎ ತೆಗೆಯಬಹುದು. ಒಣಗಿದ ಹೂವನ್ನು ನೆನೆಸಿ, ಬಿಚ್ಚಿ, ಕೇಸರ ಎಣಿಸಬಹುದು. ಫೋಟೋದಿಂದ ಅದಾಗುವುದಿಲ್ಲ. ನಾನು ಬೆಳಗಾವಿಯಲ್ಲಿ ಇದೇ ಕೆಲಸ ಮಾಡುತ್ತೇನೆ. ನನ್ನ ಪ್ರಕಾರ ಫೋಟೋ ಸುಲಭದ ಭಾಗ. ನಿಜವಾದ ಕೆಲಸ ಇರುವುದು, ಗಿಡ ಎಲ್ಲಿ, ಯಾವಾಗ ಸಿಕ್ಕಿತು ಎಂದು ಬರೆದು ಹಾಳೆಯ ಮೂಲೆಗೆ ಅಂಟಿಸಿದ ಚೀಟಿಯಲ್ಲಿ.

ಮೊದಲು ಫೋಟೋದ ಮಾತು ಮುಗಿಸುತ್ತೇನೆ. ಹಾಳೆ ಸಾಮಾನ್ಯವಾಗಿ 42 ಸೆಂ.ಮೀ. ಉದ್ದ, 28 ಸೆಂ.ಮೀ. ಅಗಲ ಇರುತ್ತದೆ. 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆಯಷ್ಟು ಸ್ಪಷ್ಟತೆ, ಬೇಕೆಂದರೆ ಸುಮಾರು 16 ಮೆಗಾಪಿಕ್ಸೆಲ್ ಸಾಕು. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಕಟ್ಟಿ, ಎರಡೂ ಕಡೆಯಿಂದ ಓರೆಯಾಗಿ ಬೆಳಕು ಬಿಡಿ. ಪಕ್ಕದಲ್ಲಿ ಸ್ಕೇಲು, ಬಣ್ಣದ ಪಟ್ಟಿ, ಬಾರ್‌ಕೋಡ್ ಇರಲಿ. ಸ್ಕ್ಯಾನರ್ ಮೇಲೆ ಹಾಳೆಯನ್ನು ಬೋರಲು ಹಾಕಲೇಬೇಡಿ, ಎಲೆ ಉದುರುತ್ತದೆ. ಲಂಡನ್ನಿನ ಕ್ಯೂ ಉದ್ಯಾನದವರು ಇದೇ ಕಾರಣಕ್ಕೆ ಸ್ಕ್ಯಾನರನ್ನೇ ತಲೆಕೆಳಗು ಮಾಡಿ, ಹಾಳೆಯನ್ನು ಕೆಳಗಿನಿಂದ ಎತ್ತಿ ಹಿಡಿಯುವ ವ್ಯವಸ್ಥೆ ಮಾಡಿಕೊಂಡರು.

ಇನ್ನೊಂದು ವಿಷಯ, ಇದನ್ನು ವಿದ್ಯಾರ್ಥಿಗಳಿಗೆ ಹೇಳಲೇಬೇಕು. ಹುಳ ಹಿಡಿಯಬಾರದೆಂದು ಹಿಂದೆ ಹಾಳೆಗಳಿಗೆ ಮರ್ಕ್ಯುರಿಕ್ ಕ್ಲೋರೈಡ್ ಹಚ್ಚುತ್ತಿದ್ದರು. ಅದು ಪಾದರಸದ ವಿಷ, ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ಕೈಗವಸು ಹಾಕಿಕೊಳ್ಳಿ, ಕಿಟಕಿ ತೆರೆದಿಡಿ, ಅಲ್ಲಿ ಕೂತು ಚಹಾ ಕುಡಿಯಬೇಡಿ.

ಈಗ ಚೀಟಿಗೆ ಬರೋಣ. ಅದರಲ್ಲಿ ಏನಿದೆಯೋ ಅಕ್ಷರಕ್ಕೆ ಅಕ್ಷರ ಹಾಗೇ ಒಂದು ಕಾಲಂನಲ್ಲಿ ಬರೆಯಿರಿ. ನೀವು ಅರ್ಥ ಮಾಡಿಕೊಂಡದ್ದು ಬೇರೆ ಕಾಲಂನಲ್ಲಿರಲಿ. ಜಗತ್ತಿನ ಸಂಗ್ರಹಾಲಯಗಳು ಬಳಸುವ ಡಾರ್ವಿನ್ ಕೋರ್ ಎಂಬ ಮಾದರಿಯಲ್ಲೂ ಇವೆರಡಕ್ಕೆ ಪ್ರತ್ಯೇಕ ಜಾಗವಿದೆ. ನಮ್ಮ ಭಾಗಕ್ಕಂತೂ ಇದು ತುಂಬಾ ಮುಖ್ಯ.

ಯಾಕೆ ಗೊತ್ತಾ? ಚೀಟಿಯಲ್ಲಿ ಬರೀ ‘ಕಲಾದಗಿ’ ಎಂದಿದೆ ಎಂದುಕೊಳ್ಳಿ. 1885ರವರೆಗೆ ಅದು ಜಿಲ್ಲೆಯ ಹೆಸರೂ ಹೌದು, ಈಗಿನ ವಿಜಯಪುರವೂ ಅದರಲ್ಲೇ ಇತ್ತು. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹಾಗಾಗಿ ಆ ಗಿಡ ಕಲಾದಗಿ ಊರಿನದೋ, ವಿಜಯಪುರದ ಇಂಡಿ ತಾಲೂಕಿನ ಹೊಲದ ಬದುವಿನದೋ ಸುಮ್ನೆ ಊಹಿಸಿ ಬರೆಯುವಂತಿಲ್ಲ. 1956ಕ್ಕೆ ಮೊದಲಿನ ‘ಬೆಳಗಾಂ ಜಿಲ್ಲೆ’ ಎಂಬ ಚೀಟಿಯೂ ಹೀಗೇ. ಆಗ ಚಂದಗಡ ತಾಲೂಕು ಬೆಳಗಾವಿಯಲ್ಲಿತ್ತು, ಈಗ ಮಹಾರಾಷ್ಟ್ರದಲ್ಲಿದೆ. ಖಾನಾಪುರ ನಮ್ಮಲ್ಲಿಯೂ ಇದೆ, ಸಾಂಗ್ಲಿ ಜಿಲ್ಲೆಯಲ್ಲಿಯೂ ಇದೆ. ನಮ್ಮದು ಮಳೆಕಾಡಿನ ಕಡೆ, ಸಾಂಗ್ಲಿಯದು ಬಯಲು. ಮುಂಬೈ ಪ್ರಾಂತದ ಸಸ್ಯಗಳ ಬಗ್ಗೆ ಥಿಯೊಡೋರ್ ಕುಕ್ 1901ರಿಂದ 1908ರವರೆಗೆ ಹೊರತಂದ ಸಂಪುಟಗಳಲ್ಲಿ ‘ಎಸ್. ಎಂ. ಕಂಟ್ರಿ’ ಎಂದು ಮತ್ತೆ ಮತ್ತೆ ಬರುತ್ತದೆ. ಅದು ದಕ್ಷಿಣ ಮರಾಠಾ ಸೀಮೆ, ಅಂದರೆ ನಮ್ಮದೇ ಸೀಮೆ. ಇಂಥ ಕಡೆ ನಕಾಶೆಯ ಮೇಲೆ ಒಂದು ಚುಕ್ಕೆ ಇಟ್ಟು ಬಿಡಬೇಡಿ. ಎಷ್ಟು ಕಿಲೋಮೀಟರ್ ಆಚೀಚೆ ಇರಬಹುದು ಎಂಬುದನ್ನೂ ಬರೆಯಿರಿ.

ನಿಮ್ಮ ಊರಿನಲ್ಲೇ ಇನ್ನೊಂದು ತೊಡಕಿದೆ. ಹಳೇ ಬಾಗಲಕೋಟೆಯ ಹೊಳೆದಂಡೆಯ ಗಿಡಗಳ ಚುಕ್ಕೆ ಈಗಿನ ನಕಾಶೆಯಲ್ಲಿ ಆಲಮಟ್ಟಿ ಹಿನ್ನೀರಿನ ಮೇಲೆ ಬೀಳಬಹುದು. ಜಾಗ ತಪ್ಪಾಗಿದೆ ಎಂದು ಕಂಪ್ಯೂಟರ್ ತೋರಿಸಿದರೂ ಚುಕ್ಕೆಯನ್ನು ದಡಕ್ಕೆ ಸರಿಸಬೇಡಿ. ನೀರು ಬರುವ ಮುಂಚೆ ಆ ಗಿಡ ಅಲ್ಲೇ ಇತ್ತು. ಮುಳುಗಿದ ದಂಡೆಯಲ್ಲಿ ಏನು ಬೆಳೆಯುತ್ತಿತ್ತು ಎಂದು ಹೇಳಲು ಬೇರೆ ಸಾಕ್ಷಿ ಜಾಸ್ತಿ ಉಳಿದಿಲ್ಲ. ಮೂಲ ಎಸೆಯಬೇಡಿ ಎಂದು ನಾನು ಇಷ್ಟು ಗೋಗರೆಯುವುದು ಅದಕ್ಕೇ.

ಮರದ ತುಂಡುಗಳಲ್ಲಿ ಮುಖ್ಯವಾದದ್ದು ಅಡ್ಡಗೊಯ್ತದ ಮುಖ. ಸಾಗವಾನಿಯ ತುಂಡನ್ನು ಲೆನ್ಸ್ ಹಿಡಿದು ನೋಡಿ. ಪ್ರತಿ ವರ್ಷದ ಉಂಗುರದ ಶುರುವಿನಲ್ಲಿ ದೊಡ್ಡ ರಂಧ್ರಗಳು ಸಾಲಾಗಿ ಕೂತಿರುತ್ತವೆ, ಮುಂದೆ ಸಣ್ಣದಾಗುತ್ತವೆ. ಮುಖ ಧೂಳು ಹಿಡಿದಿದ್ದರೆ ಹರಿತವಾದ ಬ್ಲೇಡಿನಿಂದ ಒಂದು ಮೂಲೆಯನ್ನಷ್ಟೇ ತೆಳುವಾಗಿ ಸವರಿ ಫೋಟೋ ತೆಗೆಯಿರಿ. ಇಡೀ ತುಂಡನ್ನು ಉಜ್ಜಿದರೆ ಮೇಲಿನ ನಂಬರ್ ಹೋಗುತ್ತದೆ. ಅದೇ ನಂಬರಿನ ಎಲೆಯ ಹಾಳೆ ನಿಮ್ಮ ಕಪಾಟಿನಲ್ಲಿರಬಹುದು, ಹುಡುಕಿ. ಎರಡೂ ಜೊತೆಗಿದ್ದರೆ ಮರದ ಗುರುತು ಗಟ್ಟಿ.

ಶುರು ಮಾಡುವ ಮುಂಚೆ ಬೆಳಗಾವಿಯ ರಾಷ್ಟ್ರೀಯ ಸಾಂಪ್ರದಾಯಿಕ ವೈದ್ಯಕೀಯ ಸಂಸ್ಥೆಯನ್ನು ಸಂಪರ್ಕಿಸಿ, ಅವರಲ್ಲಿ ಸಸ್ಯಸಂಗ್ರಹವಿದೆ. ಭಾರತೀಯ ಸಸ್ಯ ಸರ್ವೇಕ್ಷಣೆ 2022ರಲ್ಲಿ ತೆರೆದ ಇಂಡಿಯನ್ ವರ್ಚುವಲ್ ಹರ್ಬೇರಿಯಂ ಎಂಬ ಆನ್‌ಲೈನ್ ಸಸ್ಯಸಂಗ್ರಹವನ್ನೂ ನೋಡಿ, ಹಾಳೆಗಳ ಚಿತ್ರ ಹೇಗಿರಬೇಕು ಎಂಬ ಅಂದಾಜು ಸಿಗುತ್ತದೆ. ನಿಮ್ಮ ಮಾಹಿತಿಯನ್ನು ಎಲ್ಲರಿಗೂ ತೆರೆದಿಡುವಾಗ ಶ್ರೀಗಂಧದಂಥ ಮರಗಳ ನಿಖರ ಜಾಗವನ್ನು ಮಾತ್ರ ಮಸುಕು ಮಾಡಿ, ತಾಲೂಕಿನ ಹೆಸರಿಗೆ ನಿಲ್ಲಿಸಿ. ಕಳ್ಳರೂ ಓದುತ್ತಾರಲ್ವಾ.