ಅಪ್ಪಯ್ಯನ ಪದ್ಮಿನಿಗೆ ಬೇರೆ ಇಂಜಿನ್ ಹಾಕಿಸಲೇ?

ಪ್ರಶ್ನೆ: ನಮ್ಮಲ್ಲಿ 1978ರ ಪ್ರೀಮಿಯರ್ ಪದ್ಮಿನಿ ಉಂಟು, ಅಪ್ಪಯ್ಯ ತೆಗೆದುಕೊಂಡದ್ದು. ಈಗ ನೀಲಿ ಹೊಗೆ ಬಿಡುತ್ತದೆ, 500 ಕಿ.ಮೀ.ಗೆ ಒಂದು ಲೀಟರ್ ಆಯಿಲ್ ಕುಡಿಯುತ್ತದೆ. ಆಗುಂಬೆ ಘಾಟಿಯ ನಾಲ್ಕು ತಿರುವು ಹತ್ತುವಷ್ಟರಲ್ಲಿ ನೀರು ಕುದಿಯುತ್ತದೆ. ಸ್ಪೇರ್ ಸಿಗುವುದು ಕಷ್ಟ, ಹಳೆಯ ಡೀಸೆಲ್ ಇಂಜಿನ್ ಕೂರಿಸಿ ಕೊಡುತ್ತೇನೆ ಅನ್ನುತ್ತಾರೆ ಗ್ಯಾರೇಜಿನವರು. ಹಾಕಿಸಲೇ?
– ಓದುಗರು, ಕಲ್ಯಾಣಪುರ, ಉಡುಪಿ

ಉತ್ತರ: ಬೇಡ ಮಾರಾಯ್ರೆ. ಬಿಚ್ಚಿ ನೋಡುವ ಮೊದಲೇ ಗುಜರಿಗೆ ಹಾಕುವ ಮಾತು ಯಾಕೆ? ಆ 1089 ಸಿಸಿ ಇಂಜಿನ್ನಿನ ಬ್ಲಾಕ್ ಬೀಡು ಕಬ್ಬಿಣದ್ದು. ಬೋರ್, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ, ಸವೆದರೆ ಕೊರೆಸಿ ಓವರ್‌ಸೈಜ್ ಪಿಸ್ಟನ್ ಹಾಕಬಹುದು. ಕೊರೆಯಲು ಜಾಗ ಉಳಿಯದಿದ್ದರೆ ಸ್ಲೀವ್ (ಒಳಗೆ ಕೂರಿಸುವ ಹೊಸ ಕೊಳವೆ) ಹೊಡೆಸಿ ಮತ್ತೆ ಮೊದಲಿನ 68 ಮಿ.ಮೀ.ಗೆ ತರಬಹುದು. ಡೀಸೆಲ್ ಇಂಜಿನ್ ಭಾರ, ನಿಮ್ಮ ಗಾಡಿಯ ನಾಲ್ಕೂ ಚಕ್ರಕ್ಕೆ ಇರುವುದು ಡ್ರಮ್ ಬ್ರೇಕ್. ಅದರ ಕಷ್ಟ ಆಗುಂಬೆ ಹತ್ತುವಾಗ ಅಲ್ಲ, ಇಳಿಯುವಾಗ ಗೊತ್ತಾಗುತ್ತದೆ. ಇಂಜಿನ್ ಬದಲಿಸಲು ಆರ್‌ಟಿಒ ಅನುಮತಿ ಬೇಕು, ಆರ್‌ಸಿಯಲ್ಲಿ ಹೊಸ ನಂಬರ್ ಏರಬೇಕು. ಇನ್ನೊಂದು ವಿಷಯ: 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಆ ನೋಂದಣಿಯ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ, ನಿಮಗೆ ಬೇಕೋ ಬೇಡವೋ ಆಮೇಲೆ ಯೋಚಿಸಿ. 2028ಕ್ಕೆ ನಿಮ್ಮದಕ್ಕೆ 50 ತುಂಬುತ್ತದೆ. ಅಪ್ಪಯ್ಯನ ಇಂಜಿನ್ ಈಗ ಹೋದರೆ ಆ ದಾರಿಯೂ ಮುಚ್ಚಿತು.

ಮೊದಲು ಹೊಗೆಯನ್ನು ಗಮನಿಸಿ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು, ಮತ್ತೆ ಒತ್ತಿದ ಕೂಡಲೇ ಒಮ್ಮೆ ಬುಸ್ ಎಂದು ನೀಲಿ ಹೊಗೆ ಬಂದರೆ ವಾಲ್ವ್ ಗೈಡ್ (ವಾಲ್ವಿನ ಕಡ್ಡಿ ಜಾರುವ ಕೊಳವೆ) ಸವೆದಿರುವ ಸಂಶಯ. ಏರಿನಲ್ಲಿ ಉದ್ದಕ್ಕೂ ಬರುತ್ತಿದ್ದರೆ ಪಿಸ್ಟನ್ನಿನ ಸುತ್ತಲಿನ ರಿಂಗ್ ಅಥವಾ ಬೋರ್ ಸವೆದಿರುವ ಸಂಶಯ. ಆಮೇಲೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಏರುವ ಒತ್ತಡ, ನೋಡಿಸಿ. ಕಡಿಮೆ ತೋರಿಸಿದ ಸಿಲಿಂಡರಿಗೆ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಲಿ. ಏರಿದರೆ ರಿಂಗ್ ಹೋಗಿದೆ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್, ಅಂದರೆ ಬ್ಲಾಕಿನ ಮೇಲೆ ಕೂರುವ ಹೆಡ್ ಇಳಿಸಿದರೆ ಸಾಕಾದೀತು.

ಕುದಿಯುವುದಕ್ಕೆ ಬೇರೆಯೇ ಕಾರಣ ಇರಬಹುದು. ವರ್ಷಗಟ್ಟಲೆ ಬಾವಿ ನೀರು ಹೊಯ್ದ ರೇಡಿಯೇಟರ್ ಒಳಗೆ ತುಕ್ಕು, ಕೆಸರು ಕಟ್ಟಿರುತ್ತದೆ. ಅದನ್ನು ಇಳಿಸಿ ತೊಳೆಸಿ. ಬ್ಲಾಕ್ ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಬಿಸಿಗೆ ಎರಡೂ ಒಂದೇ ಸಮ ಹಿಗ್ಗುವುದಿಲ್ಲ. ಮತ್ತೆ ಮತ್ತೆ ಕುದಿದರೆ ಹೆಡ್ ಬಾಗುತ್ತದೆ. ನೇರ ಪಟ್ಟಿ ಇಟ್ಟು ಸಂದು ಅಳೆಯುವ ಫೀಲರ್ ಗೇಜ್ ತೂರಿಸಿ ನೋಡಿಸಿ, ಬಾಗಿದ್ದರೆ ಫೇಸಿಂಗ್ ಮಾಡಿಸಿ ಸಮತಟ್ಟಾಗಿಸದೆ ಹೊಸ ಗ್ಯಾಸ್ಕೆಟ್ ಹಾಕಬೇಡಿ. ಬೋಲ್ಟ್ ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ, ಟಾರ್ಕ್ ರೆಂಚ್‌ನಲ್ಲೇ ಬಿಗಿಯಬೇಕು. ಕೈ ಅಂದಾಜು ಇಲ್ಲಿ ಬೇಡವೇ ಬೇಡ.

ಬೋರ್ ಮಾಡಿಸಲೇಬೇಕು ಎಂದಾದರೆ ನನ್ನ ತಪ್ಪನ್ನು ನೀವು ಮಾಡಬೇಡಿ. 2009ರಲ್ಲಿ ನಮ್ಮ ಪದ್ಮಿನಿಯ ಬ್ಲಾಕನ್ನು ಬೈಕಂಪಾಡಿಯ ಲೇತ್ ಅಂಗಡಿಗೆ ಕೊಟ್ಟೆ. ಅವರು ನಾನು ಹೇಳಿದ ಅಳತೆಗೆ ಚೊಕ್ಕವಾಗಿ ಕೊರೆದು ಕೊಟ್ಟರು. ಆದರೆ ಆ ಸೈಜಿನ ಪಿಸ್ಟನ್ ನನ್ನ ಕೈಯಲ್ಲಿ ಇರಲಿಲ್ಲ. ಹುಡುಕುತ್ತಾ ಹುಡುಕುತ್ತಾ ಜೂನ್ ಬಂತು. ಕೊರೆಸಿದ ಬೋರ್‌ಗೆ ಎಣ್ಣೆ ಸವರಲೂ ಮರೆತಿದ್ದೆ. ಒಂದು ಬೆಳಿಗ್ಗೆ ಗೋಣಿ ಸರಿಸಿ ನೋಡಿದರೆ ನಾಲ್ಕೂ ಸಿಲಿಂಡರಿನಲ್ಲಿ ಕೆಂಪು ತುಕ್ಕು. ನಮ್ಮ ಕರಾವಳಿಯ ಮಳೆಗಾಲಕ್ಕೆ ಬರೀ ಕಬ್ಬಿಣ ಒಂದು ರಾತ್ರಿಯೂ ತಡೆಯುವುದಿಲ್ಲ. ಕೊನೆಗೆ ಸ್ಲೀವ್ ಹೊಡೆಸಬೇಕಾಯಿತು, ಖರ್ಚು ಎರಡೆರಡು ಸಲ. ಆ ತುಕ್ಕು ನೋಡಿದಾಗ ಆದ ಸಂಕಟ ಇನ್ನೂ ಹಾಗೆಯೇ ಉಂಟು.

ಹಾಗಾಗಿ ಬೋರನ್ನು ಮೇಲೆ, ನಡುವೆ, ಕೆಳಗೆ ಅಡ್ಡಕ್ಕೂ ಉದ್ದಕ್ಕೂ ಅಳೆಸಿ, ಯಾವ ಸೈಜ್ ಬೇಕೆಂದು ಬರೆದುಕೊಳ್ಳಿ. ಪಿಸ್ಟನ್, ರಿಂಗ್ ಕೈಗೆ ಬಂದ ಮೇಲೆಯೇ ಬ್ಲಾಕ್ ಕೊಡಿ, ಪಿಸ್ಟನ್ನನ್ನೂ ಜೊತೆಗೇ ಕೊಡಿ. ಅದನ್ನು ಅಳೆದು ಅದಕ್ಕೆ ತಕ್ಕಂತೆ ಕೊರೆಯಲಿ. ಕ್ರ್ಯಾಂಕ್ ಗ್ರೈಂಡಿಂಗ್‌ಗೂ ಹೀಗೆಯೇ, ಬೇರಿಂಗ್ ಮೊದಲು.

ಕೂಡಿಸಿದ ಮೇಲೆ ಮೊದಲ 1000 ಕಿ.ಮೀ. 60ರ ಒಳಗೆ ಓಡಿಸಿ. ಒಂದೇ ವೇಗದಲ್ಲಿ ಎಳೆಯಬೇಡಿ, ಏರಿಳಿಸುತ್ತಾ ಹೋಗಿ, ರಿಂಗ್ ಕೂರುವುದು ಹಾಗೆಯೇ. ಕುಂದಾಪುರಕ್ಕೆ ಹೋಗಿ ಬನ್ನಿ, ಘಾಟಿಗೆ ಈಗಲೇ ಬೇಡ. 500 ಕಿ.ಮೀ.ಗೆ ಆಯಿಲ್ ಬದಲಿಸಿ.

ಪ್ರಶ್ನೆ: ಮಳೆಗಾಲ ಮೂರು ತಿಂಗಳು ಶೆಡ್ಡಿನಲ್ಲಿಟ್ಟ ಅಂಬಾಸಿಡರ್ ಸ್ಟಾರ್ಟ್ ಆಗುವುದಿಲ್ಲ, ಕಾರ್ಬುರೇಟರಿನಲ್ಲಿ ನೀರು. ಟ್ಯಾಂಕಿಗೆ ಮಳೆನೀರು ಹೋಗಲು ದಾರಿಯೇ ಇಲ್ಲ.
– ಓದುಗರು, ಕುಲಶೇಖರ, ಮಂಗಳೂರು

ಉತ್ತರ: ಈಗಿನ ಪೆಟ್ರೋಲಿನಲ್ಲಿ 20 ಶೇಕಡಾ ಎಥೆನಾಲ್ ಉಂಟು, ಅದು ಗಾಳಿಯ ತೇವ ಹೀರುತ್ತದೆ. ತೇವ ಹೆಚ್ಚಾದರೆ ನೀರೂ ಎಥೆನಾಲೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಟ್ಯಾಂಕ್ ಖಾಲಿ ಮಾಡಿ, ಕಾರ್ಬುರೇಟರ್ ಬಿಚ್ಚಿ ಒರೆಸಿ. ಹಳೆಯ ರಬ್ಬರ್ ಪೈಪ್, ಪಂಪಿನ ಡಯಾಫ್ರಮ್ ತೆಗೆದು ಎಥೆನಾಲ್ ತಡೆಯುವ ಹೊಸದನ್ನು ಹಾಕಿ. ಮುಂದಿನ ಮೇ ಕೊನೆಗೆ ಟ್ಯಾಂಕ್ ಬರಿದು ಮಾಡಿಯೇ ಶೆಡ್ಡಿಗೆ ಸೇರಿಸಿ.