ಶಾಬಿ ಅಲೊನ್ಸೊ ಮೈದಾನದ ನಡುವೆ ಮಾಡಿದ್ದೇನು?

ದಾವಣಗೆರೆಯ ಓದುಗರೊಬ್ಬರು ಬರೆದ ಪತ್ರದ ಸಾರ ಇಷ್ಟು: ‘ಹೋದ ಸಂಚಿಕೆಯ ಫುಟ್‌ಬಾಲ್ ಲೇಖನದಲ್ಲಿ ಶಾಬಿ ಅಲೊನ್ಸೊ ಅವರನ್ನು ಸ್ಪೇನ್ ತಂಡದ ಜೊತೆಗಾರರಾದ ಶಾವಿ, ಇನಿಯೆಸ್ಟಾ ಅವರ ಸಾಲಿನಲ್ಲೇ ಕೂರಿಸಿದ್ದೀರಿ. ಸ್ಪೇನ್ ಪರ ಅವರು ಆಡಿದ್ದು 114 ಪಂದ್ಯ, ಹೊಡೆದದ್ದು 16 ಗೋಲು. ಓಟದಲ್ಲಿ ವೇಗವಿಲ್ಲ, ಎದುರಾಳಿಯನ್ನು ಏಮಾರಿಸಿ ಮುನ್ನುಗ್ಗುವ ಕಾಲ್ಚಳಕವಿಲ್ಲ. ನಡುವೆ ನಿಂತು ಚೆಂಡು ಹಂಚಿದವರು ಅಷ್ಟು ದೊಡ್ಡ ಆಟಗಾರ ಹೇಗಾದರು? ನನ್ನ ಮಗಳಿಗಾಗಿ ಈ ಪ್ರಶ್ನೆ. ಶಾಲಾ ತಂಡದ ಕೋಚ್ ಅವಳನ್ನು ಮುಂದಿನ ಸಾಲಿನಿಂದ ತೆಗೆದು ಮಿಡ್‌ಫೀಲ್ಡ್‌ಗೆ, ಅಂದರೆ ಮೈದಾನದ ನಡುಭಾಗಕ್ಕೆ, ಹಾಕಿದ್ದಾರೆ. ಇನ್ನು ಗೋಲು ಹೊಡೆಯುವ ಅವಕಾಶವೇ ಇಲ್ಲವೆಂದು ಮುಖ ಸಪ್ಪೆ ಮಾಡಿಕೊಂಡಿದ್ದಾಳೆ.’

ಮಾನ್ಯರೇ,

ನೀವು ಕೊಟ್ಟ ಅಂಕಿ ಸರಿಯಾಗಿಯೇ ಇದೆ. ಆದರೆ ಅಲೊನ್ಸೊ ಅವರ ಬೆಲೆ ತಿಳಿಯಬೇಕಾದರೆ ಬೇರೊಂದು ಲೆಕ್ಕ ಹಾಕಬೇಕು. ಅವರಿದ್ದಾಗ ತಂಡ ಹೇಗಿತ್ತು, ಅವರು ಹೋದ ಮೇಲೆ ಏನಾಯಿತು?

ಇಂಗ್ಲೆಂಡ್‌ನ ಲಿವರ್‌ಪೂಲ್ ತಂಡವನ್ನೇ ನೋಡಿ. 2008-09ರ ಲೀಗ್‌ನಲ್ಲಿ ಆ ತಂಡ 38 ಪಂದ್ಯಗಳಲ್ಲಿ ಸೋತದ್ದು ಎರಡೇ ಎರಡು. 86 ಅಂಕ ಗಳಿಸಿ, ಮ್ಯಾಂಚೆಸ್ಟರ್ ಯುನೈಟೆಡ್‌ಗಿಂತ ನಾಲ್ಕೇ ಅಂಕ ಹಿಂದೆ ಎರಡನೇ ಸ್ಥಾನದಲ್ಲಿ ನಿಂತಿತು. 2009ರ ಆಗಸ್ಟ್‌ನಲ್ಲಿ ಅಲೊನ್ಸೊ ರಿಯಲ್ ಮ್ಯಾಡ್ರಿಡ್‌ಗೆ ಹೋದರು. ಮುಂದಿನ ವರ್ಷ ಅದೇ ಲಿವರ್‌ಪೂಲ್ 11 ಪಂದ್ಯ ಸೋತು, 63 ಅಂಕಕ್ಕೆ ಇಳಿದು ಏಳನೇ ಸ್ಥಾನ ಸೇರಿತು. ಮಾಲೀಕರ ಸಾಲದ ಗೊಂದಲವಿತ್ತು, ಫರ್ನಾಂಡೊ ಟೊರೆಸ್ ಗಾಯಗೊಂಡಿದ್ದರು, ಒಪ್ಪುತ್ತೇನೆ. ಆದರೆ ಜೆರಾರ್ಡ್, ಮಸ್ಕೆರಾನೊ, ಕ್ಯಾರಗರ್, ಗೋಲಿ ರೇನಾ ಎಲ್ಲರೂ ಅಲ್ಲೇ ಇದ್ದರು. ಹಿಂದಿನ ಸಾಲಿನಿಂದ ಚೆಂಡು ತಂದು ಜೆರಾರ್ಡ್ ಓಡುತ್ತಿರುವ ದಾರಿಗೇ ಇಡುವವರು ಇರಲಿಲ್ಲ. 2008ರ ಬೇಸಿಗೆಯಲ್ಲಿ ಕೋಚ್ ರಫಾ ಬೆನಿಟೆಜ್, ಗ್ಯಾರೆತ್ ಬ್ಯಾರಿ ಅವರನ್ನು ತರುವುದಕ್ಕಾಗಿ ಅಲೊನ್ಸೊ ಅವರನ್ನು ಮಾರಲು ಹೊರಟಿದ್ದರು. ವ್ಯವಹಾರ ಕುದುರಲಿಲ್ಲ. ಅಲೊನ್ಸೊ ಬೇಸರವನ್ನು ಆಟದಲ್ಲಿ ತೋರಿಸದೆ, ಆ ಕ್ಲಬ್‌ನಲ್ಲಿ ತಮ್ಮ ಅತ್ಯುತ್ತಮ ವರ್ಷವನ್ನು ಆಡಿ ಹೋದರು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದೇ ಆ ವರ್ಷ.

ತವರು ಕ್ಲಬ್ ರಿಯಲ್ ಸೊಸಿಯೆದಾದ್‌ನದೂ ಇದೇ ಕಥೆ. ಸ್ಪೇನ್‌ನ ಬಾಸ್ಕ್ ನಾಡಿನ ತೊಲೊಸಾದಲ್ಲಿ 1981ರಲ್ಲಿ ಹುಟ್ಟಿದ ಅಲೊನ್ಸೊ ಬೆಳೆದದ್ದು ಸ್ಯಾನ್ ಸೆಬಾಸ್ಟಿಯನ್‌ನಲ್ಲಿ, ಲಾ ಕೊಂಚಾ ಕಡಲತೀರದ ಮರಳಿನಲ್ಲಿ ಚೆಂಡಾಡುತ್ತಾ. ಜೊತೆಗಾರರಲ್ಲಿ ಒಬ್ಬರು ಈಗ ಆರ್ಸೆನಲ್ ಕೋಚ್ ಎಂದು ಹೆಸರಾದ ಮಿಕೆಲ್ ಆರ್ತೆತಾ. ತಂದೆ ಪೆರಿಕೊ ಅಲೊನ್ಸೊ ಕೂಡ ಮಿಡ್‌ಫೀಲ್ಡರ್. ರಿಯಲ್ ಸೊಸಿಯೆದಾದ್ ಪರ ಎರಡು ಬಾರಿ, ಬಾರ್ಸಿಲೋನಾ ಪರ ಒಮ್ಮೆ ಲೀಗ್ ಗೆದ್ದವರು. ಹೆಸರು ತಂದೆಯಿಂದ ಬಂದಿರಬಹುದು, ಹೊಣೆ ಮಾತ್ರ ತೀರಾ ಎಳೆಯ ವಯಸ್ಸಿಗೇ ಸ್ವಂತವಾಗಿ ಬಂತು. 2001ರ ಆರಂಭದಲ್ಲಿ ಸೊಸಿಯೆದಾದ್ ಅಂಕಪಟ್ಟಿಯ ತಳದಲ್ಲಿತ್ತು. ಹೊಸದಾಗಿ ಬಂದ ಕೋಚ್ ಜಾನ್ ತೊಶಾಕ್, ಐಬಾರ್ ಕ್ಲಬ್‌ಗೆ ಎರವಲು ಹೋಗಿದ್ದ 19ರ ಹುಡುಗನನ್ನು ವಾಪಸ್ ಕರೆಸಿ ನಾಯಕನ ಪಟ್ಟ ಕಟ್ಟಿದರು. ತಂಡ ಕೆಳದರ್ಜೆಗೆ ಇಳಿಯುವುದರಿಂದ ಪಾರಾಯಿತು. ಎರಡು ವರ್ಷದ ಬಳಿಕ, 2002-03ರಲ್ಲಿ, ಜಿದಾನ್, ರೊನಾಲ್ಡೊ, ಫಿಗೊ ಇದ್ದ ಮ್ಯಾಡ್ರಿಡ್‌ಗೆ ಬರೀ ಎರಡು ಅಂಕದಿಂದ ಪ್ರಶಸ್ತಿ ಬಿಟ್ಟುಕೊಟ್ಟಿತು. 2004ರಲ್ಲಿ ಅಲೊನ್ಸೊ ಲಿವರ್‌ಪೂಲ್‌ಗೆ ಹೊರಟರು, 2007ರಲ್ಲಿ ಸೊಸಿಯೆದಾದ್ ಎರಡನೇ ದರ್ಜೆಗೆ ಇಳಿಯಿತು.

ಹಾಗಾದರೆ ನಡುವೆ ನಿಂತು ಅವರು ಮಾಡುತ್ತಿದ್ದುದೇನು? ನೀವು ಭದ್ರಾ ನಾಲೆಯ ಕಡೆಯವರು, ಗದ್ದೆಗೆ ನೀರು ಕಟ್ಟುವುದನ್ನು ನೋಡಿರುತ್ತೀರಿ. ಯಾವ ಮಡಿಯ ಬಾಯಿ ಬಿಚ್ಚಬೇಕು, ಯಾವುದನ್ನು ಮುಚ್ಚಬೇಕು ಎಂದು ಸನಿಕೆ ಹಿಡಿದು ನಿಂತವನಿಗೆ ನೀರು ಬರುವ ಮೊದಲೇ ಗೊತ್ತಿರಬೇಕು. ಅಲೊನ್ಸೊ ಅವರ ಆಟ ಆ ಬಗೆಯದು. ಚೆಂಡು ತಮ್ಮ ಕಾಲಿಗೆ ಬರುವ ಮುನ್ನವೇ ಭುಜದ ಮೇಲಿಂದ ಎರಡೂ ಬದಿ ನೋಡಿಕೊಂಡಿರುತ್ತಿದ್ದರು. ಎಡಬದಿಯಲ್ಲಿ ಆಟಗಾರರು ಗುಂಪಾದರೆ, 40-50 ಗಜ ದೂರದ ಬಲಬದಿಗೆ ಒಂದೇ ಒದೆತ. ಆ ಚೆಂಡು ಪುಟಿಯದೆ ಓಡುವವನ ಪಾದದ ಮುಂದೆ ಬಂದು ಇಳಿಯುತ್ತಿತ್ತು. ಇಡೀ ಎದುರಾಳಿ ತಂಡ ಮತ್ತೆ ಆ ಕಡೆಗೆ ಓಡಬೇಕು. ಹತ್ತು ಸಲ ಹಾಗೆ ಓಡಿಸಿದರೆ ಹನ್ನೊಂದನೇ ಸಲ ಎಲ್ಲೋ ಒಂದು ಸಂದು ಬಿಡುತ್ತದೆ. ಆ ಸಂದಿನಲ್ಲಿ ಗೋಲು ಹೊಡೆದವರ ಹೆಸರು ಮಾರನೇ ದಿನ ಪತ್ರಿಕೆಯಲ್ಲಿ ಬರುತ್ತದೆ.

ಟ್ಯಾಕಲ್, ಅಂದರೆ ಎದುರಾಳಿಯ ಕಾಲಿನಿಂದ ಚೆಂಡು ಕಿತ್ತುಕೊಳ್ಳುವುದರ ಬಗ್ಗೆ ಅವರಿಗೊಂದು ಗಟ್ಟಿ ಅಭಿಪ್ರಾಯವಿತ್ತು. ಲಿವರ್‌ಪೂಲ್‌ನ ಎಳೆಯ ಆಟಗಾರರು ತಮ್ಮ ಶಕ್ತಿ ಯಾವುದೆಂದು ಕೇಳಿದರೆ ‘ಶೂಟಿಂಗ್ ಮತ್ತು ಟ್ಯಾಕ್ಲಿಂಗ್’ ಎನ್ನುತ್ತಿದ್ದುದು ತಮಗೆ ಸೋಜಿಗವೆನಿಸಿತ್ತು ಎಂದು ಅವರು 2011ರ ಸಂದರ್ಶನವೊಂದರಲ್ಲಿ ಹೇಳಿದ್ದರು. ಅವರ ಪ್ರಕಾರ ಟ್ಯಾಕಲ್ ಬೇಕಾದಾಗ ಬಳಸುವ ಕೊನೆಯ ಉಪಾಯ. ಅದನ್ನೇ ಗುರಿಯಾಗಿಟ್ಟುಕೊಂಡು ಕಲಿಯಬಾರದು. ಸರಿಯಾದ ಜಾಗದಲ್ಲಿ ನಿಂತಿದ್ದರೆ ನೆಲಕ್ಕೆ ಬೀಳುವ ಪ್ರಸಂಗವೇ ಬರುವುದಿಲ್ಲ. ನಮ್ಮಲ್ಲಿ ಶಾಲಾ ಪಂದ್ಯಗಳನ್ನು ನೋಡುವಾಗೆಲ್ಲ ಈ ಮಾತು ನೆನಪಾಗುತ್ತದೆ. ಜಾರಿ ಚೆಂಡು ಕಿತ್ತ ಮಗುವಿಗೆ ಚಪ್ಪಾಳೆ ಬೀಳುತ್ತದೆ. ಎರಡು ಹೆಜ್ಜೆ ಮುಂಚೆ ಸರಿದು ಆ ಪಾಸನ್ನೇ ತಡೆದ ಮಗುವಿನ ಕಡೆ ಯಾರೂ ನೋಡುವುದಿಲ್ಲ.

ಅವರು ಗೋಲನ್ನೇ ಹೊಡೆಯಲಿಲ್ಲ ಎಂದುಕೊಳ್ಳಬೇಡಿ. 2005ರ ಮೇ 25ರಂದು ಇಸ್ತಾಂಬುಲ್‌ನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್‌ನ ಮೊದಲಾರ್ಧದಲ್ಲಿ ಎಸಿ ಮಿಲಾನ್ 3-0 ಮುಂದಿತ್ತು. ವಿರಾಮದ ನಂತರ ಬೆನಿಟೆಜ್, ಡೀಟ್ಮರ್ ಹಾಮನ್ ಅವರನ್ನು ಕಣಕ್ಕಿಳಿಸಿದರು. ಹಿಂಬದಿ ಕಾಯಲು ಹಾಮನ್ ಇದ್ದುದರಿಂದ ಅಲೊನ್ಸೊಗೆ ಮುಂದೆ ಸರಿಯಲು ಅವಕಾಶ ಸಿಕ್ಕಿತು. ಜೆರಾರ್ಡ್, ಸ್ಮಿಚರ್ ಒಂದೊಂದು ಗೋಲು ಹೊಡೆದ ಬಳಿಕ ಪೆನಾಲ್ಟಿ. ಅಲೊನ್ಸೊ ಒದ್ದರು, ಗೋಲಿ ದಿದಾ ತಡೆದರು, ಮರಳಿ ಬಂದ ಚೆಂಡನ್ನು ಅಲೊನ್ಸೊ ಎಡಗಾಲಿನಲ್ಲಿ ಬಲೆಯ ಮೇಲ್ಭಾಗಕ್ಕೆ ಹೊಡೆದರು. 3-3. ಕೊನೆಗೆ ಶೂಟೌಟ್‌ನಲ್ಲಿ ಲಿವರ್‌ಪೂಲ್ ಕಪ್ ಎತ್ತಿತು. 2006ರಲ್ಲಿ ಲೂಟನ್ ಟೌನ್ ವಿರುದ್ಧ ಒಮ್ಮೆ, ನ್ಯೂಕ್ಯಾಸಲ್ ವಿರುದ್ಧ ಇನ್ನೊಮ್ಮೆ, ತಮ್ಮ ಅಂಕಣದ ಅರ್ಧದಲ್ಲೇ ನಿಂತು ಗೋಲು ಹೊಡೆದರು. ಎದುರಾಳಿ ಗೋಲಿ ಎಲ್ಲಿದ್ದಾರೆಂದು ಅಷ್ಟು ದೂರದಿಂದ ನೋಡಿಟ್ಟುಕೊಂಡ ಕಣ್ಣೇ ದಿನನಿತ್ಯದ ಪಾಸ್‌ಗಳಲ್ಲೂ ಕೆಲಸ ಮಾಡುತ್ತಿತ್ತು.

2010ರ ವಿಶ್ವಕಪ್‌ನಲ್ಲಿ ಸ್ಪೇನ್ ಮೊದಲ ಪಂದ್ಯವನ್ನೇ ಸ್ವಿಟ್ಜರ್‌ಲೆಂಡ್‌ಗೆ ಸೋತಾಗ, ಹಿಂದೆ ನಿಂತು ಆಡುವ ಮಿಡ್‌ಫೀಲ್ಡರ್‌ಗಳಾದ ಬುಸ್ಕೆಟ್ಸ್ ಮತ್ತು ಅಲೊನ್ಸೊ ಇಬ್ಬರನ್ನೂ ಒಟ್ಟಿಗೆ ಆಡಿಸುವುದು ವ್ಯರ್ಥ ಎಂಬ ಟೀಕೆ ಎದ್ದಿತು. ಕೋಚ್ ವಿಸೆಂತೆ ದೆಲ್ ಬೊಸ್ಕೆ ಕದಲಲಿಲ್ಲ. ಆ ಇಬ್ಬರ ಬಲದ ಮೇಲೆಯೇ ಶಾವಿ, ಇನಿಯೆಸ್ಟಾ ನಿಶ್ಚಿಂತೆಯಿಂದ ಮುಂದೆ ಆಡಿದರು. ಫೈನಲ್‌ನ 28ನೇ ನಿಮಿಷದಲ್ಲಿ ನೆದರ್‌ಲೆಂಡ್ಸ್‌ನ ನೈಜೆಲ್ ಡಿ ಯಾಂಗ್ ಅವರ ಬೂಟು ನೇರ ಅಲೊನ್ಸೊ ಎದೆಗೆ ಬಡಿಯಿತು. ರೆಫರಿ ತೋರಿಸಿದ್ದು ಹಳದಿ ಕಾರ್ಡ್ ಮಾತ್ರ. ಅದು ಕೆಂಪು ಕಾರ್ಡ್ ಆಗಬೇಕಿತ್ತೆಂದು ಮುಂದೆ ಆ ರೆಫರಿಯೇ ಒಪ್ಪಿಕೊಂಡರು. ಅಲೊನ್ಸೊ ಎದ್ದು 87ನೇ ನಿಮಿಷದವರೆಗೆ ಆಡಿದರು.

ನಂತರದ ವರ್ಷಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 2011-12ರಲ್ಲಿ ಮ್ಯಾಡ್ರಿಡ್ 100 ಅಂಕ, 121 ಗೋಲುಗಳೊಂದಿಗೆ ಲೀಗ್ ಗೆದ್ದಿತು. 2014ರ ಚಾಂಪಿಯನ್ಸ್ ಲೀಗ್ ಫೈನಲ್‌ಗೆ ಹಳದಿ ಕಾರ್ಡ್‌ಗಳಿಂದಾಗಿ ಅವರು ಅಮಾನತಾಗಿದ್ದರು. ಲಿಸ್ಬನ್‌ನಲ್ಲಿ ಮ್ಯಾಡ್ರಿಡ್‌ನ ಬೇಲ್ ಗೋಲು ಹೊಡೆದಾಗ ಸೂಟು ತೊಟ್ಟೇ ಗ್ಯಾಲರಿಯಿಂದ ಅಂಗಳದತ್ತ ಓಡಿಬಂದರು. ಅದೇ ವರ್ಷ ಬೇಯರ್ನ್ ಮ್ಯೂನಿಕ್ ಸೇರಿ, ಆಡಿದ ಮೂರೂ ವರ್ಷ ಜರ್ಮನಿಯ ಲೀಗ್ ಬುಂಡೆಸ್‌ಲೀಗಾ ಗೆದ್ದು 2017ರಲ್ಲಿ ನಿವೃತ್ತರಾದರು. 2022ರ ಅಕ್ಟೋಬರ್‌ನಲ್ಲಿ ಕೊನೆಯಿಂದ ಎರಡನೇ ಸ್ಥಾನದಲ್ಲಿದ್ದ ಬೇಯರ್ ಲೆವರ್ಕುಸನ್ ತಂಡದ ಕೋಚ್ ಆಗಿ, 2023-24ರಲ್ಲಿ ಲೀಗ್‌ನ ಒಂದೂ ಪಂದ್ಯ ಸೋಲದೆ ಆ ಕ್ಲಬ್‌ಗೆ ಮೊದಲ ಬುಂಡೆಸ್‌ಲೀಗಾ ತಂದುಕೊಟ್ಟರು.

ಇನ್ನು ಮಗಳ ವಿಷಯ. 2012ರ ಜೂನ್ 23ರಂದು ದೊನೆತ್ಸ್ಕ್‌ನಲ್ಲಿ ನಡೆದ ಯೂರೊ ಕಪ್ ಕ್ವಾರ್ಟರ್ ಫೈನಲ್, ಸ್ಪೇನ್-ಫ್ರಾನ್ಸ್ ಪಂದ್ಯವನ್ನು ಅವಳಿಗೆ ಪೂರ್ತಿ ತೋರಿಸಿ. ಗೋಲುಗಳ ತುಣುಕು ಸಾಲದು. ಅದು ಅಲೊನ್ಸೊ ಅವರ ನೂರನೇ ಅಂತರರಾಷ್ಟ್ರೀಯ ಪಂದ್ಯ. 2-0 ಗೆಲುವಿನ ಎರಡೂ ಗೋಲು ಅವರವೇ, ಒಂದು ಹೆಡರ್, ಒಂದು ಪೆನಾಲ್ಟಿ. ಮಿಡ್‌ಫೀಲ್ಡ್‌ಗೆ ಹೋದರೆ ಗೋಲಿನ ಬಾಗಿಲು ಮುಚ್ಚಿತು ಎಂಬ ಅವಳ ದುಃಖಕ್ಕೆ ಅಷ್ಟು ಸಾಕು. ಆದರೆ ಮೊದಲ ಹತ್ತು ನಿಮಿಷ ಚೆಂಡಿನ ಹಿಂದೆ ಹೋಗದೆ, 14ನೇ ನಂಬರಿನ ಅಂಗಿಯನ್ನಷ್ಟೇ ನೋಡಲು ಹೇಳಿ. ತಲೆ ಎಷ್ಟು ಸಲ ತಿರುಗುತ್ತದೆ, ಚೆಂಡು ಬರುವಾಗ ಮೈ ಯಾವ ಕಡೆ ತೆರೆದಿರುತ್ತದೆ, ಪಾಸ್ ಕೊಟ್ಟ ಮೇಲೆ ಎತ್ತ ಸರಿಯುತ್ತಾರೆ ಎಂದು ಬರೆದಿಟ್ಟುಕೊಳ್ಳಲಿ. ಬೆಂಗಳೂರಿಗೆ ಬರುವ ಅನುಕೂಲವಿದ್ದರೆ ಕಂಠೀರವ ಕ್ರೀಡಾಂಗಣದ ಮೇಲಿನ ಸಾಲಿನಿಂದ ಒಂದು ಪಂದ್ಯ ತೋರಿಸಿ. 2018-19ರಲ್ಲಿ ಬೆಂಗಳೂರು ಎಫ್‌ಸಿ ಇಂಡಿಯನ್ ಸೂಪರ್ ಲೀಗ್ (ಐಎಸ್ಎಲ್) ಗೆದ್ದಾಗ ನಡುಭಾಗದಲ್ಲಿ ಆಡಿದ ಸ್ಪೇನ್‌ನ ದಿಮಾಸ್ ದೆಲ್ಗಾದೊ ಅವರನ್ನು ಅಲ್ಲಿನ ಅಭಿಮಾನಿಗಳು ಈಗಲೂ ನೆನೆಯುತ್ತಾರೆ. ಟಿವಿ ಕ್ಯಾಮೆರಾ ಚೆಂಡಿನ ಜೊತೆ ಓಡುವುದರಿಂದ ಇಂಥ ಆಟಗಾರರು ಅರ್ಧ ಹೊತ್ತು ಪರದೆಯ ಹೊರಗೇ ಇರುತ್ತಾರೆ. ಮೇಲಿಂದ ನೋಡಿದರೆ ಅವರ ಓಡಾಟ ಪೂರ್ತಿ ಕಾಣುತ್ತದೆ.

ಅವಳು ಬರೆದಿಟ್ಟುಕೊಂಡದ್ದನ್ನು ಕೋಚ್‌ಗೂ ತೋರಿಸಲಿ. ಮುಂದಿನ ಪಂದ್ಯ ಆಡಿದ ಮೇಲೆ ನಮಗೆ ಬರೆಯಿರಿ. ಈ ಸಲ ಅವಳೇ ಬರೆದರೆ ಇನ್ನೂ ಸಂತೋಷ.

— ಸಂಪಾದಕ